ಅಪ್ಪ-ಅಮ್ಮನ ಜೊತೆ ಕಿಲ್ಕೆನ್ನಿ: ಎರಡು ದಿನ ಇದೆ, ಕಾರಿಲ್ಲ, ಮಂಡಿನೋವು ಇದೆ

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿನ ಡಬ್ಲಿನ್‌ಗೆ ಬಂದು ಒಂದೂವರೆ ವರ್ಷ ಆಯ್ತು. ಬರೋ ತಿಂಗಳು ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರು ದೇಶ ಬಿಟ್ಟು ಹೊರಗೆ ಬರುತ್ತಿರುವುದು ಇದೇ ಮೊದಲು. ಯಾರನ್ನು ಕೇಳಿದರೂ ಪಶ್ಚಿಮ ಕರಾವಳಿಯ ಕಡಿದಾದ ಬಂಡೆಗಳು, ಕ್ಲಿಫ್ಸ್ ಆಫ್ ಮೋಹರ್, ತೋರಿಸು ಅಂತಾರೆ. ಆದರೆ ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಹೋಗಿಬರೋದು ಅಂದರೆ ಬೆಳಗಿನಿಂದ ರಾತ್ರಿವರೆಗೆ ಬಸ್ಸು. ಅಮ್ಮನಿಗೆ ಬಸ್ಸು ಹತ್ತಿದರೆ ವಾಂತಿ, ಅಪ್ಪನಿಗೆ ಮಂಡಿನೋವು. ಅದಕ್ಕೆ ಕಿಲ್ಕೆನ್ನಿ ಅನ್ನೋ ಚಿಕ್ಕ ಊರಲ್ಲಿ ಒಂದು ರಾತ್ರಿ ಉಳಿದು, ಹಳೇ ಊರು ನೋಡಿ, ಸುತ್ತಮುತ್ತಲ ಹಳ್ಳಿ ಕಡೆ ಒಂದು ದಿನ ಓಡಾಡಿಸಿಕೊಂಡು ಬರೋಣ ಅಂತ ಯೋಚನೆ.

ತೊಂದರೆ ಏನಂದರೆ ಕಾರಿಲ್ಲ. ಊರಿನ ಲೈಸೆನ್ಸ್ ಇಲ್ಲಿ ವಾಸ ಇರುವವರಿಗೆ ಒಂದು ವರ್ಷ ದಾಟಿದ ಮೇಲೆ ನಡೆಯಲ್ಲ, ನನ್ನ ಹತ್ತಿರ ಇರೋದು ಲರ್ನರ್ ಪರ್ಮಿಟ್ ಮಾತ್ರ. ಟ್ರೈನಿನಲ್ಲಿ ಹೋದರೆ ಸಾಕಾಗುತ್ತಾ? ಹೋಗಿಬಂದವರು ಹೇಳಿ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ನೋರ್_ದಂಡೆ:
ನಾನು ಆ ಊರಲ್ಲಿ ನಾಲ್ಕು ವರ್ಷ ಇದ್ದೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಲರ್ನರ್ ಪರ್ಮಿಟ್‌ನಲ್ಲಿ ಒಬ್ಬರೇ ಓಡಿಸೋ ಹಾಗಿಲ್ಲ, ಮೋಟಾರ್‌ವೇಗೆ ಹೋಗೋ ಹಾಗೇ ಇಲ್ಲ. ಆ ಯೋಚನೆ ಬಿಟ್ಟುಬಿಡಿ. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್‌ನಿಂದ ವಾಟರ್‌ಫರ್ಡ್ ಕಡೆ ಹೋಗೋ ಟ್ರೈನ್ ಹತ್ತಿದರೆ ಒಂದೂವರೆ ಗಂಟೆ ಆಸುಪಾಸಿನಲ್ಲಿ ಕಿಲ್ಕೆನ್ನಿ. ಸ್ಟೇಷನ್‌ನಿಂದ ಜಾನ್ ಸ್ಟ್ರೀಟ್ ಹಿಡಿದು ಇಳಿಯುತ್ತಾ ಬನ್ನಿ, ನೋರ್ ನದಿಯ ಸೇತುವೆ ಸಿಗುತ್ತೆ. ಸೇತುವೆ ಮಧ್ಯೆ ನಿಂತು ಎಡಕ್ಕೆ ತಿರುಗಿದರೆ ನೀರಿನ ಮೇಲ್ಗಡೆ ಕೋಟೆ. ಅಪ್ಪ ಅವರ ಮೊದಲ ಫೋಟೋ ಅಲ್ಲೇ ತೆಗೆಯಿರಿ.

ಕೋಟೆ ಸುಮಾರು 800 ವರ್ಷದ್ದು, ಕಟ್ಟಿಸಿದವನು ವಿಲಿಯಂ ಮಾರ್ಷಲ್. 1391ರಲ್ಲಿ ಬಟ್ಲರ್ ಮನೆತನ ಕೊಂಡುಕೊಂಡಿತು. ಐನೂರಕ್ಕೂ ಹೆಚ್ಚು ವರ್ಷ ಅವರ ಕೈಯಲ್ಲೇ ಇತ್ತು. ಕೊನೆಗೆ ಸಾಕೋಕೆ ಆಗದೆ 1935ರಲ್ಲಿ ಒಳಗಿನ ಸಾಮಾನೆಲ್ಲ ಹರಾಜು ಹಾಕಿ ಹೋದರು, 1967ರಲ್ಲಿ ಬರೀ 50 ಪೌಂಡಿಗೆ ಊರಿನವರಿಗೇ ಬಿಟ್ಟುಕೊಟ್ಟರು. ಕೋಟೆ ಚೌಕವಾಗಿಲ್ಲ, ಒಂದು ಬದಿ ಪೂರ್ತಿ ಖಾಲಿ. ಅಲ್ಲಿದ್ದ ಗೋಡೆ 1650ರಲ್ಲಿ ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್ ಮುತ್ತಿಗೆ ಹಾಕಿದಾಗ ಹಾಳಾಯ್ತು. ಒಳಗೆ ಹೋಗೋಕೆ ಟಿಕೆಟ್, ಮೆಟ್ಟಿಲೂ ಇದೆ. ಹಿಂದಿನ ಪಾರ್ಕು ಪುಕ್ಕಟೆ, ಬೆಂಚುಗಳು ಜಾಸ್ತಿ. ಮಂಡಿ ನೋಯುವವರಿಗೆ ಪಾರ್ಕೇ ಸುಖ.

ಅಲ್ಲಿಂದ ಸೇಂಟ್ ಕ್ಯಾನಿಸ್ ಕ್ಯಾಥೆಡ್ರಲ್‌ವರೆಗಿನ ದಾರಿಗೆ ಮೀಡಿಯೀವಲ್ ಮೈಲ್ ಅಂತಾರೆ. ನೋಡಬೇಕಾದ್ದೆಲ್ಲ ಈ ಒಂದೇ ದಾರಿಯ ಆಚೀಚೆ ಇದೆ, ಊರು ಅಷ್ಟೇ ಚಿಕ್ಕದು. ಹೈ ಸ್ಟ್ರೀಟಿನಿಂದ ಪಕ್ಕದ ಕೀರನ್ ಸ್ಟ್ರೀಟಿಗೆ ಇಳಿಯೋ ಒಂದು ಸಂದಿ ಇದೆ, ಹೆಸರು ಬಟರ್ ಸ್ಲಿಪ್. ಮೇಲೆ ಕಮಾನು, ಒಳಗೆ ಹಗಲಲ್ಲೂ ಅರೆ ಕತ್ತಲು. ಹಿಂದೆ ಬೆಣ್ಣೆ ಮಾರುವವರು ಅಲ್ಲಿ ಕೂರುತ್ತಿದ್ದರಂತೆ. ದಾವಣಗೆರೆಯವರಿಗೆ ಇದನ್ನ ತೋರಿಸದೆ ಕರೆದುಕೊಂಡು ಬಂದರೆ ತಪ್ಪಾಗುತ್ತೆ, ಅಲ್ವಾ?

ಇಳಿದರೆ ಕೀರನ್ ಸ್ಟ್ರೀಟಿನಲ್ಲಿ ಕೈಟ್ಲರ್ಸ್ ಇನ್ ಅನ್ನೋ ಪಬ್ಬು. ಇಲ್ಲಿನ ಆಲಿಸ್ ಕೈಟ್ಲರ್ ಎಂಬ ಸಾಹುಕಾರ್ತಿಗೆ ನಾಲ್ಕು ಮದುವೆ ಆಗಿತ್ತು. 1324ರಲ್ಲಿ ಬಿಷಪ್ ಅವಳ ಮೇಲೆ ಮಾಟಗಾತಿ ಅಂತ ಆರೋಪ ಹೊರಿಸಿದ. ಅವಳು ತಪ್ಪಿಸಿಕೊಂಡು ಹೋದಳು, ಸಿಕ್ಕಿಬಿದ್ದವಳು ಕೆಲಸದಾಕೆ ಪೆಟ್ರೋನಿಲ್ಲಾ. ಅವಳನ್ನು ಜೀವಂತ ಸುಟ್ಟರು. ಪ್ರವಾಸಿಗರಿಗೆ ಇದನ್ನ ಮಾಟಗಾತಿ ಕತೆ ಅಂತ ಮಜವಾಗಿ ಹೇಳ್ತಾರೆ, ನನಗೆ ಮಾತ್ರ ಆ ಕೆಲಸದಾಕೆಯದೇ ನೆನಪಾಗೋದು.

ಕ್ಯಾಥೆಡ್ರಲ್ ಪಕ್ಕದ ಉರುಟು ಗೋಪುರ 9ನೇ ಶತಮಾನದ್ದು, ಸುಮಾರು 30 ಮೀಟರ್ ಎತ್ತರ. ಒಳಗೆ ಕಡಿದಾದ ಮರದ ಏಣಿ, ಒಂದರ ಮೇಲೊಂದು. ಅಪ್ಪ ಅವರು ಕೆಳಗೇ ಇರಲಿ, ನೀವು ಹತ್ತಿ. ಕ್ಯಾಥೆಡ್ರಲ್ ಒಳಗೆ ಬಟ್ಲರ್ ಮನೆತನದವರ ಸಮಾಧಿಗಳಿವೆ, ಗಂಡ ಹೆಂಡತಿ ಪಕ್ಕಪಕ್ಕ ಮಲಗಿದ ಹಾಗೆ ಕಡೆದ ಕಲ್ಲುಗಳು. ಈ ಊರಿನ ಕರಿ ಕಲ್ಲಿಗೆ ಕಿಲ್ಕೆನ್ನಿ ಮಾರ್ಬಲ್ ಅಂತ ಹೆಸರು. ಹೆಸರಿಗಷ್ಟೇ ಮಾರ್ಬಲ್, ಅದು ಸುಣ್ಣಕಲ್ಲು. ನಮ್ಮ ಅಡುಗೆಮನೆ ಕಟ್ಟೆಗೆ ಹಾಕೋ ಕಡಪ ಕಲ್ಲಿನ ಜಾತಿ. ಬಗ್ಗಿ ನೋಡಿದರೆ ಕರಿ ಮೈಮೇಲೆ ಬಿಳಿ ಬಿಳಿ ಸುರುಳಿ, ಗೀಟು ಕಾಣುತ್ತೆ. ಅವೆಲ್ಲ ಕೋಟಿಗಟ್ಟಲೆ ವರ್ಷದ ಹಿಂದಿನ ಸಮುದ್ರಜೀವಿಗಳ ಚಿಪ್ಪು.

ಒಂದೇ ಎಚ್ಚರ: ಶನಿವಾರ ರಾತ್ರಿ ಉಳೀಬೇಡಿ. ಮದುವೆಗೆ ಮುಂಚೆ ಗೆಳೆಯರ ಜೊತೆ ಕುಡಿದು ಕುಣಿಯೋಕೆ ಇಡೀ ದೇಶದವರು ಈ ಊರಿಗೇ ಬರೋದು. ಮಂಗಳವಾರ ಬುಧವಾರ ಹೋಗಿ, ಊರು ಊರಿನ ಹಾಗಿರುತ್ತೆ. ಜೂನ್ ಮೊದಲ ಸೋಮವಾರದ ರಜೆಯ ಹಿಂದುಮುಂದೆ ಕ್ಯಾಟ್ ಲಾಫ್ಸ್ ಅನ್ನೋ ಹಾಸ್ಯ ಉತ್ಸವ ಇರುತ್ತೆ, ಆಗ ರೂಮು ಕೇಳಲೇಬೇಡಿ.

ಮಳೆಕೋಟು:
ಎಲ್ಲ ಸರಿ, ಆದರೆ ಮೊದಲ ಸಲ ಬರುವವರಿಗೆ ಐರ್ಲೆಂಡ್ ಅಂದರೆ ಸಮುದ್ರ. ಕಿಲ್ಕೆನ್ನಿಯಲ್ಲಿ ಸಮುದ್ರ ಇಲ್ಲ, ಅರ್ಧ ದಿನಕ್ಕೆ ಮುಗಿಯುತ್ತೆ. ನಾನಾಗಿದ್ದರೆ ಡೆರಿಗೆ ಹೋಗುತ್ತಿದ್ದೆ. 17ನೇ ಶತಮಾನದ ಕೋಟೆ ಗೋಡೆ ಹಳೇ ಊರಿನ ಸುತ್ತ ಪೂರ್ತಿ ಹಾಗೇ ನಿಂತಿದೆ. ಸುಮಾರು ಒಂದೂವರೆ ಕಿಲೋಮೀಟರ್, ಮೇಲೆ ನಡೆದುಕೊಂಡು ಒಂದು ಸುತ್ತು ಹಾಕಬಹುದು.

ಹಳ್ಳಿ ಕಡೆ ಹೋಗುವವರಿಗೆ ನನ್ನ ಪೆದ್ದುತನ ಹೇಳಿಬಿಡ್ತೀನಿ. ಕಿಲ್ಕೆನ್ನಿ ಹತ್ತಿರ ಕೆಲ್ಸ್ ಅಂತ ಹಳ್ಳಿ, ಅಲ್ಲಿ 1193ರಲ್ಲಿ ಶುರುವಾದ ಒಂದು ಪಾಳು ಮಠ ಇದೆ. ಸುತ್ತ ಬುರುಜು ಇರೋ ಗೋಡೆ, ದೂರದಿಂದ ಕೋಟೆಯೇ ಅನ್ನಬೇಕು. ಟಿಕೆಟ್ಟಿಲ್ಲ, ಒಳಗೆ ಕುರಿಗಳು ಮೇಯುತ್ತಿರುತ್ತವೆ. ನಾನು ಡಬ್ಲಿನ್‌ನಲ್ಲಿ ಕಾರು ಹತ್ತಿ ಮ್ಯಾಪಿಗೆ ಸುಮ್ನೆ ಕೆಲ್ಸ್ ಅಂತ ಒತ್ತಿದೆ, ಅದು ಮೀತ್ ಕೌಂಟಿಯ ಕೆಲ್ಸ್‌ಗೆ ಕರೆದುಕೊಂಡು ಹೋಯ್ತು. ಟ್ರಿನಿಟಿ ಕಾಲೇಜಿನಲ್ಲಿರೋ ಹಳೇ ಹಸ್ತಪ್ರತಿಗೆ ಹೆಸರು ಬಂದಿದ್ದು ಆ ಊರಿಂದ. ನಾನು ಹೋಗಬೇಕಿದ್ದು ದಕ್ಷಿಣಕ್ಕೆ, ಹೋಗಿದ್ದು ವಾಯವ್ಯಕ್ಕೆ. ಹೆಂಡತಿ ಇವತ್ತಿಗೂ ಬಿಟ್ಟಿಲ್ಲ.

ನೋರ್_ದಂಡೆ:
ಡೆರಿ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ಉತ್ತರ ಐರ್ಲೆಂಡ್, ಅಂದರೆ ಯು.ಕೆ.ಗೆ ಸೇರಿದ್ದು. ದಾರಿಯಲ್ಲಿ ಗೇಟೂ ಇಲ್ಲ, ಪೊಲೀಸೂ ಇಲ್ಲ, ದಾಟಿದ್ದು ಗೊತ್ತೇ ಆಗಲ್ಲ. ಆದರೂ ಕಾನೂನು ಕಾನೂನೇ. ತಂದೆ ತಾಯಿಯ ವೀಸಾ ಮೇಲೆ ಬಿ.ಐ.ವಿ.ಎಸ್. (ಒಂದೇ ವೀಸಾದಲ್ಲಿ ಐರ್ಲೆಂಡ್, ಯು.ಕೆ. ಎರಡಕ್ಕೂ ಹೋಗಬಹುದು ಅನ್ನೋ ಗುರುತು) ಅಂತ ಬರೆದಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಬರೀ ಐರಿಷ್ ವೀಸಾ ಹಿಡಿದು ಆ ಕಡೆ ಹೋಗಬೇಡಿ. ಷೆಂಗೆನ್ ವೀಸಾ ಇಲ್ಲಿಗೇ ನಡೆಯಲ್ಲ, ಅದು ಬೇರೆ ಮಾತು.

ಕಾರಿಲ್ಲದೆ ಹಳ್ಳಿ ನೋಡೋದು ಹೀಗೆ. ಎರಡನೇ ದಿನ ಕಿಲ್ಕೆನ್ನಿಯಲ್ಲಿ ಮತ್ತೆ ಟ್ರೈನ್ ಹತ್ತಿ, ಮುಂದಿನ ಸ್ಟೇಷನ್ನೇ ಥಾಮಸ್‌ಟೌನ್. ಟ್ರೈನು ಬಂದ ದಿಕ್ಕಿಗೇ ಹಿಂದಕ್ಕೆ ಹೊರಡುತ್ತೆ, ಗಾಬರಿ ಬೇಡ, ಆ ಸ್ಟೇಷನ್ ಇರೋದೇ ಹಾಗೆ. ನಮ್ಮ ಅತ್ತೆ ಬ್ಯಾಗು ಹಿಡಿದು ಎದ್ದೇ ನಿಂತಿದ್ದರು. ದಿನಕ್ಕೆ ಕೆಲವೇ ಟ್ರೈನು, ವಾಪಸ್ ಬರೋ ಹೊತ್ತು ಮೊದಲೇ ಗುರುತು ಹಾಕಿಕೊಳ್ಳಿ.

ಥಾಮಸ್‌ಟೌನ್‌ನಿಂದ ಜೆರ್‌ಪಾಯಿಂಟ್ ಮಠ ಎರಡು ಮೂರು ಕಿಲೋಮೀಟರ್. ಟ್ಯಾಕ್ಸಿಗೆ ಹಿಂದಿನ ದಿನವೇ ಫೋನ್ ಮಾಡಿಡಿ. ನಿಂತು ಕೈ ಅಡ್ಡ ಹಾಕಿದರೆ ಬರೋ ಊರಲ್ಲ ಅದು. ಮಠ 12ನೇ ಶತಮಾನದ್ದು, ಸೂರು ಹೋಗಿದೆ, ಅಂಗಳದ ಸುತ್ತ ಕಂಬಸಾಲು ಉಳಿದಿದೆ. ಕಂಬಗಳ ನಡುವೆ ಚಿಕ್ಕ ಚಿಕ್ಕ ಮೂರ್ತಿಗಳು. ಒಬ್ಬ ಸೈನಿಕ, ಒಬ್ಬಳು ಮಡಿಕೆ ಮಡಿಕೆ ಲಂಗದವಳು, ಇನ್ನೊಬ್ಬ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡವನು, ಹೊಟ್ಟೆನೋವಿನವನು ಅಂತಲೇ ಕರೀತಾರೆ. ಈ ಮೂರ್ತಿಗಳು ಆಮೇಲಿನವು, ಆದರೆ ಮಠ ಶುರುವಾದ ಶತಮಾನದಲ್ಲೇ ಹಳೇಬೀಡಿನ ದೇವಸ್ಥಾನವನ್ನೂ ಕಟ್ಟಿದ್ದು. ಆ ಕುಸುರಿ ನೋಡಿದವರಿಗೆ ಇದು ಮಕ್ಕಳ ಕೈಕೆಲಸದ ಹಾಗೆ ಕಾಣಬಹುದು, ನನಗೆ ಅದೇ ಇಷ್ಟ.

ಅದೇ ಟ್ಯಾಕ್ಸಿಯವರು ಒಪ್ಪಿದರೆ ಇನಿಸ್ಟಿಯೋಗ್‌ಗೂ ಹೋಗಿ. ನೋರ್ ಮೇಲೆ ಹತ್ತು ಕಮಾನಿನ ಸೇತುವೆ, ಪಕ್ಕದಲ್ಲಿ ಹುಲ್ಲು, ಬಾತುಕೋಳಿ. ಅಲ್ಲಿ ಮಾಡೋದೇನೂ ಇಲ್ಲ, ಕೂರಬೇಕು ಅಷ್ಟೆ. ಆ ಕಿರಿದಾದ ರಸ್ತೆಯಲ್ಲಿ ಎದುರು ಬರುವವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ಪರಿಚಯ ಇರಲಿ ಬಿಡಲಿ. ಡನ್‌ಮೋರ್ ಗುಹೆ ಬಿಡಿ, ಬರೀ ಮೆಟ್ಟಿಲು.

ಚಟ್ನಿಪುಡಿ_ಡಬ್ಬಿ:
ಊಟದ ಬಗ್ಗೆ ಯಾರೂ ಹೇಳಲಿಲ್ಲ. ತರಕಾರಿ ಸೂಪ್ ಅಂತ ಬೋರ್ಡಿನಲ್ಲಿ ಇದ್ದರೂ ಅದರ ನೀರು ಕೋಳಿಯದಾ ಅಂತ ಕೇಳಿ. ಬೆಳಗಿನ ತಿಂಡಿ ತಟ್ಟೆಯಲ್ಲಿ ಬ್ಲ್ಯಾಕ್ ಪುಡಿಂಗ್ ಅಂತ ಇರುತ್ತೆ, ಸಿಹಿ ಪುಡಿಂಗ್ ಅಂದುಕೊಳ್ಳಬೇಡಿ, ಅದು ಹಂದಿಯ ರಕ್ತದಿಂದ ಮಾಡಿದ್ದು. ಸೋಡಾ ಬ್ರೆಡ್, ಬೆಣ್ಣೆ, ಜಾಮ್, ಆಲೂಗಡ್ಡೆ ಸಿಕ್ಕೇ ಸಿಗುತ್ತೆ. ಸ್ಕೋನ್ ಅನ್ನೋ ಬನ್ನಿನಂಥ ತಿಂಡಿಗೆ ಮೊಟ್ಟೆ ಹಾಕಿರಬಹುದು, ವಿಚಾರಿಸಿ. ಹಳ್ಳಿ ಕಡೆ ಮಧ್ಯಾಹ್ನ ಮೂರರ ಮೇಲೆ ಅಡುಗೆಮನೆ ಮುಚ್ಚಿಬಿಟ್ಟಿರಬಹುದು, ಚಪಾತಿ ಚಟ್ನಿಪುಡಿ ಕಟ್ಟಿಕೊಂಡೇ ಹೊರಡಿ. ಅಮ್ಮನಿಗೆ ಈಗಲೇ ಹೇಳಿಬಿಡಿ, ಊರಿಂದ ಬೆಣ್ಣೆ, ತುಪ್ಪ, ಪೇಡೆ ತರೋ ಹಾಗಿಲ್ಲ, ಹೊರಗಿನ ಹಾಲಿನ ಪದಾರ್ಥ ಇಲ್ಲಿ ಬಿಡಲ್ಲ. ಇಲ್ಲಿನ ಬೆಣ್ಣೆಗೇ ಅವರು ಮರುಳಾಗ್ತಾರೆ ನೋಡಿ, ಹಸುಗಳು ವರ್ಷದ ಬಹುಪಾಲು ಹಸಿ ಹುಲ್ಲೇ ತಿನ್ನೋದು, ಬಣ್ಣವೇ ಹಳದಿ.

ಛತ್ರಿ ಬೇಡ, ಗಾಳಿಗೆ ತಿರುಗಿಬಿಡುತ್ತೆ. ಟೋಪಿ ಇರೋ ಮಳೆಕೋಟು ಕೊಡಿಸಿ.

ಬೆಣ್ಣೆನಗರಿ:
ಎಲ್ಲರಿಗೂ ಥ್ಯಾಂಕ್ಸ್. ಮಂಗಳವಾರಕ್ಕೆ ಟಿಕೆಟ್ ಮಾಡಿದೆ. ಫೋನಿನಲ್ಲಿ ಬೆಣ್ಣೆ ಸಂದಿ ವಿಷಯ ಹೇಳಿದೆ, ಅಪ್ಪ ಕೋಟೆ ಮಾತು ಬಿಟ್ಟು ಅದನ್ನೇ ಕೇಳ್ತಾ ಇದ್ದಾರೆ. ಅಲ್ಲಿ ಮೆಟ್ಟಿಲು ಜಾಸ್ತಿ ಇದೆಯಾ?

ನೋರ್_ದಂಡೆ:
ಜಾಸ್ತಿ ಇಲ್ಲ. ಹೈ ಸ್ಟ್ರೀಟ್ ಕಡೆಯಿಂದ ಇಳಿಸಿ, ಕೆಳಗಿಂದ ಹತ್ತಿಸಬೇಡಿ. ಮಳೆ ಬಂದಿದ್ದರೆ ಕಲ್ಲು ಜಾರುತ್ತೆ, ಕೈ ಹಿಡಿದುಕೊಳ್ಳಿ.