ಪದ ಬೇಕು: ‘ಬಯೋ-ಇನ್‌ಸ್ಪೈರ್ಡ್ ಎಲೆಕ್ಟ್ರಾನಿಕ್ಸ್’ (ನಾಮಫಲಕಕ್ಕೆ, ತುರ್ತು)

ಬಲ್ಲವರಿಗೆ ನಮಸ್ಕಾರ.

ಸಂಶೋಧನಾ ಕೇಂದ್ರವೊಂದರ ನಾಮಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಯೋಮೆಡಿಕಲ್ ಎಂಜಿನಿಯರಿಂಗ್‌ಗೆ ‘ಜೈವಿಕ ವೈದ್ಯಕೀಯ ಎಂಜಿನಿಯರಿಂಗ್’ ಎಂದು ಬರೆದೆ. ಅದಕ್ಕೆ ಯಾರದೂ ತಕರಾರಿಲ್ಲ. ತೊಡಕಿರುವುದು ಅದರ ಕೆಳಗಿನ ಸಾಲಿನಲ್ಲಿ: ಬಯೋ-ಇನ್‌ಸ್ಪೈರ್ಡ್ ಎಲೆಕ್ಟ್ರಾನಿಕ್ಸ್, ಅಂದರೆ ಜೀವಿಗಳನ್ನು ನೋಡಿ ಕಲಿತ ತತ್ತ್ವಗಳ ಮೇಲೆ ಕಟ್ಟಿದ ಎಲೆಕ್ಟ್ರಾನಿಕ್ಸ್. ‘ಜೈವಿಕ ಎಲೆಕ್ಟ್ರಾನಿಕ್ಸ್’ ಎನ್ನಲೇ, ‘ಜೀವಪ್ರೇರಿತ ಎಲೆಕ್ಟ್ರಾನಿಕ್ಸ್’ ಎನ್ನಲೇ? ಫಲಕ ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತದೆ. ಎರಡು ಪದಗಳಿಗಷ್ಟೇ ಜಾಗವಿದೆ.

ಮರು: ಪದ ಬೇಕು

ಎರಡೂ ಬೇಡ. ತಲೆ ಸಂಸ್ಕೃತ, ಬಾಲ ಇಂಗ್ಲಿಷ್, ಕನ್ನಡ ಎಲ್ಲಿದೆ? ಇನ್‌ಸ್ಪೈರ್ ಎಂಬುದರ ಲ್ಯಾಟಿನ್ ಬೇರು ‘ಉಸಿರೂದು’ ಎನ್ನುತ್ತದೆ. ಉಸಿರುಳ್ಳದ್ದು ಉಸಿರಿ; ಅದರಿಂದ ಕಲಿತದ್ದು ಉಸಿರಿಗಲಿಕೆ. ಎಲೆಕ್ಟ್ರಾನಿಕ್ಸ್ ಎಂದರೆ ಮಿಂಚಿನ ಅರಿಮೆ. ಹಾಗಾಗಿ ‘ಉಸಿರಿಗಲಿಕೆಯ ಮಿಂಚರಿಮೆ’. ಎರಡೇ ಪದ, ಎರಡೂ ನಮ್ಮವು. ಬರೆಯಿಸಿ ಹಾಕಿ, ತಾನಾಗಿ ರೂಢಿಯಾಗುತ್ತದೆ.

ಮರು: ಪದ ಬೇಕು

ವ್ಯುತ್ಪತ್ತಿಗೆ ಇಳಿಯುವ ಮೊದಲು ವಸ್ತುವನ್ನು ನೋಡಿ.

‘ಜೈವಿಕ ಎಲೆಕ್ಟ್ರಾನಿಕ್ಸ್’ ಬೇರೆಯೇ ವಿಷಯ: ದೇಹದೊಡನೆ ಬೆಸೆದು ಕೆಲಸ ಮಾಡುವ ಸಾಧನಗಳದು. ಪೇಸ್‌ಮೇಕರ್ ಆ ಗುಂಪಿನದು. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯ ದೇಹದೊಳಗೆ ಅದನ್ನು ಪೂರ್ತಿಯಾಗಿ ಇರಿಸಿದರು. ಅದು ಹೃದಯಕ್ಕೆ ಮಿಡಿತ ಕೊಡುತ್ತದೆ; ಆದರೆ ಅದರ ಸರ್ಕೀಟು ಯಾವ ಜೀವಿಯನ್ನೂ ನೋಡಿ ಕಲಿತದ್ದಲ್ಲ.

ಈವೆಂಟ್ ಕ್ಯಾಮೆರಾ ಇದಕ್ಕೆ ಪೂರಾ ತಿರುವುಮುರುವು. ಸಾಮಾನ್ಯ ವಿಡಿಯೊ ಕ್ಯಾಮೆರಾ ಅಲುಗಾಡದ ಗೋಡೆಯನ್ನೂ ಸೆಕೆಂಡಿಗೆ ಹತ್ತಾರು ಸಲ ಇಡಿಯಾಗಿ ದಾಖಲಿಸುತ್ತದೆ. ಈವೆಂಟ್ ಕ್ಯಾಮೆರಾದಲ್ಲಿ ಒಂದೊಂದು ಪಿಕ್ಸೆಲ್ಲೂ ಸ್ವತಂತ್ರ: ತನ್ನ ಮೇಲೆ ಬಿದ್ದ ಬೆಳಕು ಏರಿದರೆ ಅಥವಾ ಇಳಿದರೆ ಮಾತ್ರ ಸಂಕೇತ ಕಳಿಸುತ್ತದೆ. ಗೋಡೆಯ ಮುಂದೆ ಕೈ ಆಡಿಸಿ. ಕೈಯ ಅಂಚು ಹಾದುಹೋದ ಪಿಕ್ಸೆಲ್‌ಗಳು ಸಂಕೇತ ಕೊಡುತ್ತವೆ, ಉಳಿದ ಗೋಡೆ ಸುಮ್ಮನಿರುತ್ತದೆ. ಬದಲಾವಣೆಗೆ ಎಚ್ಚರವಾಗುವ ಈ ಪಾಠ ಅಕ್ಷಿಪಟಲದ್ದು, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರದ್ದು. ಮಿಶಾ ಮಹೋವಾಲ್ಡ್ ಮತ್ತು ಕಾರ್ವರ್ ಮೀಡ್ ಎಂಬ ಸಂಶೋಧಕರು ಸಿಲಿಕಾನಿನಲ್ಲಿ ಅಕ್ಷಿಪಟಲ ಕಟ್ಟಿದಾಗ ತೆರೆದ ದಾರಿ ಇದು. ಈ ಕ್ಯಾಮೆರಾ ರೋಬಾಟ್, ಡ್ರೋನ್‌ಗಳಲ್ಲಿ ಕೂರಬಲ್ಲದು; ಯಾರ ದೇಹವನ್ನೂ ಮುಟ್ಟಬೇಕಿಲ್ಲ. ‘ಜೈವಿಕ’ ಎಂಬ ವಿಶೇಷಣ ಇಲ್ಲಿ ಹೇಗೆ ಒಪ್ಪುತ್ತದೆ? (ಕಿವಿ ಕೇಳಿಸದವರ ಒಳಗಿವಿಯಲ್ಲಿ ಇರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎರಡೂ ಗುಂಪಿಗೆ ಸಲ್ಲುತ್ತದೆ. ಒಳಗಿವಿಯ ಸುರುಳಿಯ ಬುಡ ತಾರಸ್ವರಕ್ಕೆ, ತುದಿ ಮಂದ್ರಕ್ಕೆ ಸ್ಪಂದಿಸುತ್ತದೆ. ಅದರ ಎಲೆಕ್ಟ್ರೋಡ್‌ಗಳ ಸಾಲು ಇದೇ ಕ್ರಮವನ್ನು ಅನುಸರಿಸುತ್ತದೆ.)

‘ಪ್ರೇರಿತ’ ಇನ್ನೂ ಅಪಾಯಕಾರಿ, ಏಕೆಂದರೆ ಭೌತವಿಜ್ಞಾನ ಅದನ್ನು ಆಗಲೇ ವಶಮಾಡಿಕೊಂಡಿದೆ. ತಂತಿಸುರುಳಿಯ ಬಳಿ ಅಯಸ್ಕಾಂತ ಆಡಿಸಿದಾಗ ಹರಿಯುವುದು ಪ್ರೇರಿತ ವಿದ್ಯುತ್; ಶಾಲೆಯ ಮಕ್ಕಳಿಗೂ ಗೊತ್ತು. ಎಲೆಕ್ಟ್ರಾನಿಕ್ಸ್‌ನ ಪಕ್ಕದಲ್ಲಿ ‘ಜೀವಪ್ರೇರಿತ’ ಎಂದು ಕಂಡರೆ, ಜೀವಿಯ ದೆಸೆಯಿಂದ ಹುಟ್ಟಿದ ವಿದ್ಯುತ್ ಎಂದೇ ವಿಷಯ ಬಲ್ಲವರು ಓದುತ್ತಾರೆ. ‘ಅನುಕರಣೆ’ ಎಂದು ಯಾರಾದರೂ ಹೇಳುವ ಮೊದಲೇ ಅದನ್ನೂ ತಳ್ಳಿಹಾಕುತ್ತೇನೆ. ವಿಜ್ಞಾನಿ ಆಟೊ ಶ್ಮಿಟ್ ಸ್ಕ್ವಿಡ್ ಎಂಬ ಕಡಲಜೀವಿಯ ನರವನ್ನು ಅಭ್ಯಾಸ ಮಾಡಿ ಶ್ಮಿಟ್ ಟ್ರಿಗರ್ ಸರ್ಕೀಟನ್ನು ರೂಪಿಸಿದರು. ಅದರಲ್ಲಿ ನರದ ನಕಲಿಲ್ಲ. ಮಿತಿ ದಾಟಿದೊಡನೆ ಒಮ್ಮೆಗೇ ಹೊರಳುವ ಗುಣವಿದೆ. ತೆಗೆದುಕೊಂಡದ್ದು ತತ್ತ್ವವನ್ನು.

‘ಸ್ವಯಂಸ್ಫೂರ್ತ’ ರೂಢಿಯಲ್ಲಿದೆ. ಅದೇ ಜಾಡಿನಲ್ಲಿ ‘ಜೀವಿಸ್ಫೂರ್ತ ಎಲೆಕ್ಟ್ರಾನಿಕ್ಸ್’ ಎಂದು ಬರೆಯಿರಿ. ‘ಜೀವ’ ಬೇಡ, ‘ಜೀವಿ’ ಇರಲಿ. ಜೀವವೆಂದರೆ ಪ್ರಾಣವೂ ಆಗುತ್ತದೆ. ‘ಉಸಿರಿಗಲಿಕೆ’ ಎಂದು ಬಾಗಿಲ ಮೇಲೆ ಬರೆದರೆ ಉಸಿರಾಟದ ವ್ಯಾಯಾಮ ಕಲಿಸುವ ಕೊಠಡಿ ಎಂದುಕೊಳ್ಳುತ್ತಾರೆ. ಸಲ್ಲದು.

ಮರು: ಎರವಲು (ಹಿಂದಿನ ವಿಷಯ: ಪದ ಬೇಕು)

ಸಲ್ಲದು ಎಂದು ತೀರ್ಪು ಕೊಡಲು ನೀವು ಯಾರು? ಹೀಗೆ ಹೇಳಿ ಹೇಳಿಯೇ ವಿಜ್ಞಾನದ ಕನ್ನಡ ಹಳ್ಳಿಯ ಹುಡುಗಿಯ ಬಾಯಿಗೆ ಬಾರದ ಹಾಗಾಯಿತು. ‘ಸ್ಫೂರ್ತ’ದ ಒತ್ತಕ್ಷರವನ್ನು ಅವಳು ಹೇಗೆ ಉಚ್ಚರಿಸಬೇಕು? ಮೇಲಾಗಿ ‘ಜೀವಿಸ್ಫೂರ್ತ ಎಲೆಕ್ಟ್ರಾನಿಕ್ಸ್’ ಅರಿಸಮಾಸವಲ್ಲವೇ?

ಮರು: ಎರವಲು

ಬಿಡಿಯಾಗಿ ನಿಂತ ವಿಶೇಷಣಕ್ಕೆ ಅರಿಸಮಾಸದ ಮಾತೇ ಬಾರದು. ವ್ಯಾಕರಣ ಎತ್ತುವುದಾದರೆ ಸರಿಯಾಗಿ ಎತ್ತಿ.

ಆ ಹುಡುಗಿಯ ಬಗ್ಗೆ ನನಗೂ ಕಾಳಜಿಯಿದೆ. ಅವಳು ‘ಕರೆಂಟು ಹೋಯಿತು’ ಎನ್ನುತ್ತಾಳೆ, ‘ಮಿಂಚು ಹೋಯಿತು’ ಎನ್ನುವುದಿಲ್ಲ. ಅವಳ ಅಜ್ಜಿಗೆ ಪೇಸ್‌ಮೇಕರ್ ಹಾಕಿಸಿದ್ದರೆ ಅವಳು ಹೇಳುವ ಪದವೂ ಪೇಸ್‌ಮೇಕರ್ರೇ. ‘ಎಲೆಕ್ಟ್ರಾನ್’ ಇಂಗ್ಲಿಷಿನ ಸ್ವಂತ ಆಸ್ತಿಯೂ ಅಲ್ಲ. ಅದು ಗ್ರೀಕರು ಅಂಬರ್ ಎಂಬ, ಕಲ್ಲಿನಂತೆ ಗಟ್ಟಿಯಾದ ಮರದ ಅಂಟಿಗೆ ಇಟ್ಟಿದ್ದ ಹೆಸರು; ಉಜ್ಜಿದರೆ ಹಗುರ ವಸ್ತುಗಳನ್ನು ಸೆಳೆಯುವ ಆ ಗುಣಕ್ಕೆ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಅದರಿಂದಲೇ ಲ್ಯಾಟಿನ್ ಪದ ಕಟ್ಟಿದರು. ಇಂಗ್ಲಿಷೂ ಸಾಲ ತಂದದ್ದೇ.

ಮರು: ಎರವಲು

ಅವರು ತಂದದ್ದು ಸತ್ತ ನುಡಿಯಿಂದ. ನಾವು ತರುತ್ತಿರುವುದು ನಮ್ಮನ್ನು ನುಂಗುತ್ತಿರುವ ನುಡಿಯಿಂದ. ಎರಡೂ ಒಂದೇ ಅಲ್ಲ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಮರು: ಪದ ಬೇಕು

ಇಬ್ಬರಿಗೂ ಕೃತಜ್ಞತೆಗಳು. ‘ಜೀವಿಸ್ಫೂರ್ತ ಎಲೆಕ್ಟ್ರಾನಿಕ್ಸ್’ ಎಂದು ಕಳಿಸುತ್ತಿದ್ದೇನೆ. ಅದರ ಕೆಳಗೆ ‘ನ್ಯೂರೊಮಾರ್ಫಿಕ್ ಚಿಪ್‌ಗಳು’ (ಮೆದುಳಿನ ನರಕೋಶಗಳ ಮಾದರಿಯಲ್ಲಿ ಕೆಲಸ ಮಾಡುವಂಥವು) ಎಂಬ ಸಾಲೂ ಇದೆ. ‘ನರರೂಪಿ’ ಆಗಬಹುದೇ?

ಮರು: ಪದ ಬೇಕು

ಆಗದು. ನರರೂಪಿ ಎಂದರೆ ಮನುಷ್ಯರೂಪಿ. ‘ನರಕೋಶ ಮಾದರಿಯ ಚಿಪ್‌ಗಳು’ ಎಂದು ಬರೆಯಿರಿ. ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದು ಮಾಡಿಸಿ.