ಮತದಾನದ ಹಿಂದಿನ ರಾತ್ರಿ ಹಂಚುವ ಹೆಸರಿಲ್ಲದ ಕರಪತ್ರ: ದೂರು ಹೇಗೆ ಕೊಡಬೇಕು?

ಹಾವೇರಿ ಹುಡುಗ:
2023ರ ವಿಧಾನಸಭೆ ಚುನಾವಣೆಯಲ್ಲಿ ಒಬ್ಬ ಪಕ್ಷೇತರ ಅಭ್ಯರ್ಥಿ ಪರ ಓಡಾಡಿದ್ದೆ. ಮೇ 9ರ ರಾತ್ರಿ ಮನೆಮನೆಗೆ ಒಂದು ಕರಪತ್ರ ಬಿತ್ತು. 'ದುಡ್ಡು ತಗೊಂಡು ಕಣದಿಂದ ಸರಿದಿದ್ದಾರೆ, ಎರಡನೇ ಸಂಸಾರವೂ ಇದೆ' ಅಂತ. ಎರಡೂ ಹಸಿ ಸುಳ್ಳು. ದೂರು ಕೊಟ್ಟೆವು. 'ಪರಿಶೀಲಿಸುತ್ತೇವೆ' ಅಂದರು, ಅಷ್ಟೇ. ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರ ವಿರುದ್ಧ ಪೇಸಿಎಂ ಪೋಸ್ಟರ್ ಅಂಟಿಸಿದವರನ್ನು ಅಷ್ಟು ಬೇಗ ಹಿಡಿದರಲ್ಲ, ನಮ್ಮದಕ್ಕೆ ಯಾಕೆ ಏನೂ ಆಗಲಿಲ್ಲ? ಮುಂದಿನ ಸಲಕ್ಕೆ ಏನು ಮಾಡಬೇಕು?

ಗದಗದ ಪ್ರೆಸ್‌ನವ:
ನೋಡ್ರಿ, ನೀವು ದೂರಿನಲ್ಲಿ 'ಇದು ಸುಳ್ಳು' ಅಂತ ಬರೆದಿರುತ್ತೀರಿ. ಸುಳ್ಳೋ ನಿಜವೋ ಅಂತ ಒಂದೇ ರಾತ್ರಿಯಲ್ಲಿ ಯಾವ ಅಧಿಕಾರಿಯೂ ತೀರ್ಮಾನ ಮಾಡಲ್ಲ. 'ಇದರಲ್ಲಿ ಮುದ್ರಕರ ಹೆಸರು, ವಿಳಾಸ ಇಲ್ಲ' ಅಂತ ಬರೆಯಿರಿ. ಕಾಗದ ತಿರುಗಿಸಿ ನೋಡಿದರೆ ಸಾಕು, ವಾದವೇ ಬೇಡ.

ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಅದನ್ನೇ ಹೇಳುತ್ತದೆ. ಚುನಾವಣೆ ಕರಪತ್ರದ ಮೇಲೆ ಅಚ್ಚು ಹಾಕಿದವರ, ಹಾಕಿಸಿದವರ ಹೆಸರು ವಿಳಾಸ ಇರಲೇಬೇಕು. ಹಾಕಿಸುವವರು ನಮಗೆ ಸಹಿ ಮಾಡಿದ ಘೋಷಣೆ ಎರಡು ಪ್ರತಿ ಕೊಡಬೇಕು, ಅವರನ್ನು ಬಲ್ಲ ಇಬ್ಬರು ಅದನ್ನು ದೃಢೀಕರಿಸಬೇಕು. ಆಮೇಲೆ ಘೋಷಣೆ, ಕರಪತ್ರದ ಪ್ರತಿ, ಎಷ್ಟು ಹಾಕಿದೆವು, ಎಷ್ಟು ದುಡ್ಡು ತಗೊಂಡೆವು ಎಲ್ಲ ಜಿಲ್ಲಾಧಿಕಾರಿಗೆ ಹೋಗಬೇಕು. ಜೆರಾಕ್ಸ್ ತೆಗೆದರೂ ಕಾನೂನಿನ ಲೆಕ್ಕದಲ್ಲಿ ಅಚ್ಚೇ. ಕೈಯಲ್ಲಿ ಬರೆದದ್ದಕ್ಕೆ ಮಾತ್ರ ವಿನಾಯಿತಿ.

ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ನೋಡಿ ನಗಬೇಡಿ. ನಮಗೆ ಹೆದರಿಕೆ ಇರುವುದು ಸೀಸನ್ನಿನಲ್ಲಿ ಚುನಾವಣಾ ಸ್ಕ್ವಾಡ್‌ನವರು ಬಂದು ಪ್ರೆಸ್ ಬಾಗಿಲಲ್ಲಿ ಕೂತರೆ ಮದುವೆ ಕಾರ್ಡಿನ ಕೆಲಸವೂ ನಿಲ್ಲುತ್ತದಲ್ಲ, ಅದಕ್ಕೆ. ಎಲೆಕ್ಷನ್ ಹೊತ್ತಿಗೆ 'ಹೆಸರು ಹಾಕಬೇಡಿ, ಡಬಲ್ ಕೊಡ್ತೀವಿ' ಅಂತ ರಾತ್ರಿ ಬರುವವರು ಎಲ್ಲ ಪಕ್ಷದಲ್ಲೂ ಇದ್ದಾರೆ.

ಪೇಸಿಎಂ ವಿಷಯ ಬೇರೆ. ಅದು 2022ರ ಸೆಪ್ಟೆಂಬರ್‌ನಲ್ಲಿ, ಆಗ ಚುನಾವಣೆಯೇ ಘೋಷಣೆ ಆಗಿರಲಿಲ್ಲ. ಬೊಮ್ಮಾಯಿಯವರ ಮುಖ, ಕ್ಯೂಆರ್ ಕೋಡು, 40 ಪರ್ಸೆಂಟ್ ಕಮಿಷನ್ ಆರೋಪ. ಕೇಸು ಹಾಕಿದ್ದು ಗೋಡೆ ಅಂದಗೆಡಿಸಿದ್ದಕ್ಕೆ ಅನ್ನುವ ಹಳೇ ಕಾನೂನಿನಡಿ. ಆರೋಪ ನಿಜವೋ ಸುಳ್ಳೋ ಅಂತ ಅಲ್ಲಿಯೂ ಯಾರೂ ಕೇಳಲಿಲ್ಲ!

ಕರಿ ಕೋಟು:
ಪ್ರೆಸ್‌ನವರು ಹೇಳಿದ್ದು ಸರಿ. ಆದರೆ ನಿಮ್ಮ ಕೇಸಿನಲ್ಲಿ ವಿಷಯದ ಮೇಲೂ ದಾರಿ ಇತ್ತು. ಅಭ್ಯರ್ಥಿಯ ಖಾಸಗಿ ನಡತೆ ಅಥವಾ ಕಣದಿಂದ ಸರಿದ ಬಗ್ಗೆ ಗೊತ್ತಿದ್ದೂ ಸುಳ್ಳು ಹಬ್ಬಿಸುವುದು ಅದೇ ಕಾಯ್ದೆಯ 123(4)ರ ಪ್ರಕಾರ ಭ್ರಷ್ಟ ಆಚರಣೆ. ನಿಮ್ಮ ಕರಪತ್ರದಲ್ಲಿ ಎರಡೂ ಇದೆ. ಫಲಿತಾಂಶ ಬಂದ 45 ದಿನದೊಳಗೆ, ಗೆದ್ದವರ ಆಯ್ಕೆ ರದ್ದು ಮಾಡಿ ಅಂತ ಹೈಕೋರ್ಟಿಗೆ ಅರ್ಜಿ ಹಾಕಬೇಕಿತ್ತು, ಮತದಾರರೂ ಹಾಕಬಹುದು. ಕಷ್ಟ ಎಲ್ಲಿ ಅಂದರೆ, ಗೆದ್ದವರೋ ಅವರ ಏಜೆಂಟರೋ ಮಾಡಿಸಿದ್ದು, ಅಥವಾ ಅವರ ಒಪ್ಪಿಗೆ ಇತ್ತು ಅಂತ ಕ್ರಿಮಿನಲ್ ಕೇಸಿನಷ್ಟೇ ಗಟ್ಟಿಯಾಗಿ ತೋರಿಸಬೇಕು. ಹೆಸರಿಲ್ಲದ ಕಾಗದ ಮಾಡಿಸುವುದೇ ಅದನ್ನು ತಪ್ಪಿಸಲು.

ಸರ್ಕಾರವನ್ನು ಬೈದರೆ 123(4) ಬರಲ್ಲ. ಬಿಜೆಪಿ ಸರ್ಕಾರದಲ್ಲಿ ಯಾವುದಕ್ಕೆ ಎಷ್ಟು ಲಂಚ ಅಂತ ಪಟ್ಟಿ ಹಾಕಿದ್ದ 2023ರ ಮೇ 5ರ ಕಾಂಗ್ರೆಸ್ 'ರೇಟ್ ಕಾರ್ಡ್' ಜಾಹೀರಾತಿಗೆ ಚುನಾವಣಾ ಆಯೋಗ ಮರುದಿನವೇ ನೋಟಿಸ್ ಕೊಟ್ಟು, 7ರ ಸಂಜೆಯೊಳಗೆ ಆಧಾರ ಕೊಡಿ ಅಂದಿತ್ತು. ಅದರ ಮಾನನಷ್ಟ ಕೇಸಿನಲ್ಲಿ ರಾಹುಲ್ ಗಾಂಧಿ 2024ರ ಜೂನ್‌ನಲ್ಲಿ ಬೆಂಗಳೂರಿಗೆ ಬಂದು ಜಾಮೀನು ತಗೊಂಡರು. ಅಷ್ಟು ಹೊತ್ತಿಗೆ ಕಾಂಗ್ರೆಸ್ ಸರ್ಕಾರ ಬಂದು ವರ್ಷ ಆಗಿತ್ತು.

ತುಂಗಭದ್ರಾ:
ಈಗ ಕರಪತ್ರ ಯಾರು ಹಂಚುತ್ತಾರೆ ಸ್ವಾಮಿ? ಎಲ್ಲ ವಾಟ್ಸಾಪ್.

ಗದಗದ ಪ್ರೆಸ್‌ನವ:
ಹಳ್ಳಿಯಲ್ಲಿ ಇನ್ನೂ ಕಾಗದವೇ ರೀ. ಫೋನಿನಲ್ಲಿ ಬಂದದ್ದನ್ನು ಅಳಿಸುತ್ತಾರೆ, ಕಾಗದವನ್ನು ಕಟ್ಟೆ ಮೇಲೆ ಕೂತು ಓದುತ್ತಾರೆ.

ಹಾವೇರಿ ಹುಡುಗ:
ಚುನಾವಣಾ ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್‌ನಲ್ಲಿ ಹಾಕಿದರೆ ನಡೆಯುತ್ತಾ?

ಗದಗದ ಪ್ರೆಸ್‌ನವ:
ನಡೆಯುತ್ತೆ, ದೂರಿನ ಮೇಲೆ ಅವರು ಕ್ರಮ ತಗೊಳ್ಳೋಕೆ 100 ನಿಮಿಷದ ಗಡುವೂ ಇದೆ. ಆದರೆ ಗ್ಯಾಲರಿಯ ಫೋಟೊ ತಗೊಳ್ಳಲ್ಲ, ಅಲ್ಲೇ ನಿಂತು ಅದರಲ್ಲೇ ತೆಗೆಯಬೇಕು. ಜೊತೆಗೆ ಚುನಾವಣಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಮೂಲ ಕರಪತ್ರ ನಾಲ್ಕೈದು ಎತ್ತಿಟ್ಟುಕೊಳ್ಳಿ, ಮಡಿಸಬೇಡಿ. ಕಾಗದ, ಫಾಂಟು ನೋಡಿ ಯಾವ ಊರಿನ ಪ್ರೆಸ್ ಅಂತ ನಮ್ಮಂಥವರು ಎಷ್ಟೋ ಸಲ ಹೇಳಿಬಿಡುತ್ತೇವೆ.