ಬಾಕ್ಸಿಂಗಲ್ಲಿ ಎದುರಾಳಿ ಕುಳ್ಳ, ಆದರೆ ಚುರುಕು: ಹಿಡಿಯೋದು ಹೇಗೆ?

ನಂದು ಐದಡಿ ಹನ್ನೊಂದು, 67 ಕೆಜಿ. ಜೊತೆಗೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡೋ ಹುಡುಗ ಐದಡಿ ಐದು, ಹೆಚ್ಚುಕಮ್ಮಿ ಅದೇ ತೂಕ. ಕೈ ನಂದೇ ಉದ್ದ, ಆದರೂ ಏಟು ತಿನ್ನೋನು ನಾನೇ. ಜ್ಯಾಬ್ (ಮುಂದಿನ ಕೈಯ ನೇರ ಏಟು) ಹೋಗೋಷ್ಟರಲ್ಲಿ ಅವನ ತಲೆ ಅಲ್ಲಿರಲ್ಲ, ಪಕ್ಕೆಗೆ ಎರಡು ಕೊಟ್ಟು ಆಚೆ ಹೋಗಿರ್ತಾನೆ. ಅಟ್ಟಿಸಿಕೊಂಡು ಹೋಗಿ ಹೋಗಿ ಮೂರನೇ ರೌಂಡಿಗೆ ನನಗೇ ಉಸಿರಿರಲ್ಲ. ಮುಂದಿನ ತಿಂಗಳು ಸೆಲೆಕ್ಷನ್. ಇಂಥವರ ಜೊತೆ ಆಡಿದವರು ದಯವಿಟ್ಟು ಹೇಳಿ.

*

ಅಟ್ಟಿಸಿಕೊಂಡು ಹೋಗೋದನ್ನ ಮೊದಲು ಬಿಡಿ ಗುರು. ಅವನ ಹಿಂದೆ ಹೋದಷ್ಟೂ ಸುತ್ತು ಹೊಡೆಸ್ತಾನೆ. ರಿಂಗು ಹಗ್ಗದ ಒಳಗೆ 6.1 ಮೀಟರ್ ಚೌಕ. ನೀವು ನಡುವೆ ನಿಂತರೆ ಹೊರಸುತ್ತು ಅವನ ಪಾಲು. ಅವನ ನಾಲ್ಕು ಹೆಜ್ಜೆಗೆ ನಿಮ್ಮದು ಒಂದೋ ಎರಡೋ. ಅವನು ನಿಮ್ಮ ಎಡಕ್ಕೆ ಸರಿದರೆ ನೀವೂ ಎಡಕ್ಕೆ ಅಡ್ಡಹೆಜ್ಜೆ ಇಡಿ, ಮುಂದಕ್ಕಲ್ಲ. ನಾನು ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು, ತಮ್ಮನನ್ನ ಒಳಗೆ ಬಿಟ್ಟು, ಕೈ ಎತ್ತದೆ ಬರೀ ಕಾಲಲ್ಲೇ ಮೂಲೆಗೆ ಒತ್ತೋದು ಕಲಿತೆ. ಎರಡು ವಾರ ಹಿಡೀತು. ತಮ್ಮನ ಎಗ್ ಪಫ್ಸ್ ಖರ್ಚು ಬೇರೆ.

*

ನಾನು ಆ ಕಡೆಯವಳು. ಐದಡಿ ಒಂದಿಂಚು, 48 ಕೆಜಿಯಲ್ಲಿ ಆಡ್ತಿದ್ದೆ, ಎದುರಿಗೆ ಬರೋರೆಲ್ಲ ನನಗಿಂತ ಉದ್ದ. ನಾವು ಕಾಯೋದು ಯಾವುದಕ್ಕೆ ಗೊತ್ತಾ? ಜ್ಯಾಬ್ ಹೊಡೆದ ಕೈ ನೆಟ್ಟಗೆ ಗಲ್ಲಕ್ಕೆ ವಾಪಸ್ ಬರದೆ, ಸೊಂಟದವರೆಗೆ ಇಳಿದು ಬರುತ್ತಲ್ಲ, ಆ ಗಳಿಗೆಗೆ. ಆ ಕೈ ಬೆನ್ನಿಗೇ ನಾವು ಒಳಗೆ.

ಮುಖಕ್ಕೆ ಹೊಡೆಯೋರು ಬಂದರೆ ನಮಗೆ ಹಬ್ಬ, ತಲೆ ತಪ್ಪಿಸೋದೇ ನಮ್ಮ ಕಸುಬು. ನನ್ನನ್ನ ಸುಸ್ತು ಮಾಡಿದ್ದು ಎದೆಗೂಡಿಗೆ ಜ್ಯಾಬ್ ಹಾಕಿದ ಒಬ್ಬಳು ಹುಡುಗಿ. ತಲೆ ಸರಿಸಿದಷ್ಟು ಬೇಗ ಎದೆ ಸರಿಸೋಕೆ ಆಗಲ್ಲ. ನೋವೇನೂ ಅಷ್ಟಿಲ್ಲ, ಆದರೆ ನುಗ್ಗೋ ಹೆಜ್ಜೆಯಲ್ಲೇ ಬಿದ್ದರೆ ಕಾಲು ಅಲ್ಲೇ ನಿಂತುಬಿಡುತ್ತೆ, ಮತ್ತೆ ಮೊದಲಿಂದ ಶುರು. ಹೊಡೆಯುವಾಗ ಮೊಣಕಾಲು ಬಗ್ಗಿಸಿ. ಸೊಂಟ ಬಗ್ಗಿಸಿದರೆ ನಿಮ್ಮ ತಲೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.

ಇನ್ನೊಂದು, ಇದನ್ನ ಹೇಳೋಕೆ ಮನಸ್ಸಿಲ್ಲ: ಗಾಬರಿಯಾದಾಗ ನಾವು ಯಾವಾಗಲೂ ಒಂದೇ ಕಡೆಗೆ ಹಾರ್ತೀವಿ. ಮೊದಲ ರೌಂಡಲ್ಲಿ ಗಮನಿಸಿ, ಎರಡನೇದರಲ್ಲಿ ಹುಕ್ (ಪಕ್ಕದಿಂದ ಬೀಸೋ ಏಟು) ಆ ಕಡೆಯಿಂದ ಬರಲಿ.

*

ತಲೆ ತಗ್ಗಿಸಿ ಬಂದರೆ ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಎತ್ತಿ ಹೊಡೆಯೋ ಏಟು) ಮರೀಬೇಡಿ. 2002ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಉದ್ದನೆಯ ಹೆವಿವೇಟ್ ಬಾಕ್ಸರ್ ಲೆನಾಕ್ಸ್ ಲೂಯಿಸ್ ತನಗಿಂತ ಕುಳ್ಳ ಮೈಕ್ ಟೈಸನ್‌ಗೆ ಮಾಡಿದ್ದೂ ಅದೇ: ದೂರದಲ್ಲಿದ್ದರೆ ಜ್ಯಾಬ್, ಹತ್ತಿರ ಬಂದರೆ ಅಪ್ಪರ್‌ಕಟ್, ಇಲ್ಲಾಂದ್ರೆ ತಬ್ಬಿ ಮೈಭಾರ ಹಾಕೋದು. ಎಂಟನೇ ರೌಂಡಲ್ಲಿ ನಾಕೌಟ್. ಆದರೆ ಎಲ್ಲ ನಕಲು ಮಾಡೋಕೆ ಹೋಗಬೇಡಿ, ತಳ್ಳಿದ್ದಕ್ಕೆ ಲೂಯಿಸ್‌ಗೆ ನಾಲ್ಕನೇ ರೌಂಡಲ್ಲಿ ಒಂದು ಅಂಕ ಹೋಯ್ತು. ಅವರದು ಹನ್ನೆರಡು ರೌಂಡಿನ ಆಟ. ನಿಮ್ಮ ಮೂರು ರೌಂಡಲ್ಲಿ ಕಳೆದ ಅಂಕ ಎಲ್ಲಿಂದ ತರ್ತೀರಿ?

*

ಕೇಳಿದವನು ನಾನೇ. ನಿನ್ನೆ ಎದೆಗೆ ಜ್ಯಾಬ್ ಹಾಕಿ ನೋಡಿದೆ. ಎರಡು ಸಲ ನಿಂತ. ಮೂರನೇ ಸಲ ಸೊಂಟ ಬಗ್ಗಿಸಿಬಿಟ್ಟೆ, ಅವನ ಬಲಗೈ ಮೇಲಿಂದ ಬಂದು ಕಿವಿಗೆ ಬಿತ್ತು. ಅಕ್ಕಾ, ಮೊಣಕಾಲು ಬಗ್ಗಿಸೋ ಅಭ್ಯಾಸ ಹೇಗೆ ಮಾಡಿದ್ರಿ?

*

ಬಟ್ಟೆ ಒಣಗಿಸೋ ಹಗ್ಗ ನಿಮ್ಮ ಗಲ್ಲದ ಮಟ್ಟಕ್ಕೆ ಕಟ್ಟಿ. ಅದರ ಕೆಳಗೆ ಆಚೆ ಈಚೆ ನುಸುಳ್ತಾ ಜ್ಯಾಬ್ ಹಾಕಿ, ಕಣ್ಣು ಮಾತ್ರ ಎದುರಿಗಿರಲಿ. ನೆಲ ಕಂಡಿತು ಅಂದರೆ ಬೆನ್ನು ಬಗ್ಗಿದೆ ಅಂತ. ಮೂರು ಮೂರು ನಿಮಿಷ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ನನ್ನನ್ನ ಬೈಕೋಬೇಡಿ.